ಬಾಟಲಿ ಬೇಗ ಖಾಲಿಯಾಯಿತು ಅಂತ ಖುಷಿಪಡಬೇಡಿ

ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ಎನ್‌ಐಸಿಯುನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮನೆಗೆ ಕರೆತಂದಿದ್ದೀರಾ? ನೋಡಿಕೊಳ್ಳಲು ಏಜೆನ್ಸಿಯಿಂದ ಜನ ಕರೆಸುವ ಯೋಚನೆ ಇದ್ದರೆ, ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ. ನನ್ನ ತಂಗಿಯ ಮಗ ಹುಟ್ಟಿದ್ದು 30 ವಾರಕ್ಕೆ. ಬೆಂಗಳೂರಿನ ಏಜೆನ್ಸಿಯೊಂದು ‘ಪ್ರೀಮೆಚ್ಯೂರ್ ಮಕ್ಕಳಲ್ಲಿ ಪಳಗಿದ ಕೈ’ ಎಂದು ಹೇಳಿ, ಮಾಮೂಲಿಗಿಂತ ಜಾಸ್ತಿ ದರ ಹಾಕಿ ಒಬ್ಬ ಹೆಂಗಸನ್ನು ಕಳಿಸಿತು. ಆಕೆಯ ತೊಡೆಯ ಮೇಲೆ ಮಗು ನೀಲಿಗಟ್ಟಿತು. ಈಗ ಚೆನ್ನಾಗಿದ್ದಾನೆ, ಗಾಬರಿಯಾಗಬೇಡಿ.

ಆಸ್ಪತ್ರೆಯಲ್ಲಿ ಎಲ್ಲ ಕ್ರಮವಾಗಿಯೇ ನಡೆದಿತ್ತು. ಮೊದಲು ನಳಿಗೆಯಲ್ಲಿ ಹಾಲು, ಆಮೇಲೆ ಒಳಲೆಯಲ್ಲಿ (ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು), ಕೊನೆಗೆ ಎದೆಗೆ. ಮನೆಗೆ ಕಳಿಸುವಾಗ ‘ಎದೆಹಾಲು ಕುಡಿಸಿ, ಸಾಲದಿದ್ದರೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡಿ, ಬಾಟಲಿ ಬೇಡ’ ಎಂದಿದ್ದರು. ಇದು ಬರೀ ಶಾಸ್ತ್ರಕ್ಕೆ ಹೇಳುವ ಮಾತಲ್ಲ. ನುಂಗುವುದನ್ನು ಮಗು ಹೊಟ್ಟೆಯೊಳಗೇ ಕಲಿತಿರುತ್ತದೆ. ಆದರೆ ಚೀಪುವುದು, ನುಂಗುವುದು, ನಡುವೆ ಉಸಿರೆಳೆಯುವುದು, ಈ ಮೂರೂ ತಾಳಕ್ಕೆ ಬರಲು ಶುರುವಾಗುವುದು ಬಸಿರಿನ ಲೆಕ್ಕದಲ್ಲಿ 32ರಿಂದ 34 ವಾರದ ಹೊತ್ತಿಗೆ. ಅದು ಗಟ್ಟಿಯಾಗಲು ಇನ್ನೂ ಕೆಲವು ವಾರ ಬೇಕು. ನುಂಗುವಾಗ ಯಾರಿಗೇ ಆಗಲಿ ಒಂದು ಕ್ಷಣ ಉಸಿರು ನಿಲ್ಲುತ್ತದೆ. ಹಾಲು ಬಿಡುವಿಲ್ಲದೆ ಸುರಿಯುತ್ತಿದ್ದರೆ ಮಗು ನುಂಗುತ್ತಲೇ ಇರಬೇಕು, ಉಸಿರಿಗೆ ಸಂದೇ ಇರುವುದಿಲ್ಲ. ತಿಂಗಳು ತುಂಬಿ ಹುಟ್ಟಿದ ಮಗುವಾದರೆ ಕೆಮ್ಮುತ್ತದೆ, ಮುಖ ತಿರುಗಿಸಿ ರಂಪ ಮಾಡುತ್ತದೆ. ಈ ಮಕ್ಕಳಲ್ಲಿ ಎಷ್ಟೋ ಸಲ ಕೆಮ್ಮಲೂ ಕಸುವಿರುವುದಿಲ್ಲ, ಸುಮ್ಮನಾಗಿಬಿಡುತ್ತವೆ. ನೋಡುವವರು ನಿದ್ದೆ ಹತ್ತಿತು ಅಂದುಕೊಳ್ಳುತ್ತಾರೆ.

ಬಂದಾಕೆ ಒಳಲೆಯನ್ನು ಎರಡು ದಿನವೂ ಮುಟ್ಟಲಿಲ್ಲ. ‘ಇದರಲ್ಲಿ ಹಾಕ್ತಾ ಕೂತ್ರೆ ಬೆಳಗಾಗುತ್ತೆ’ ಅಂತ ಗೊಣಗಿ, ಬಾಣಂತಿಗೆ ಗೊತ್ತಿಲ್ಲದ ಹಾಗೆ ತನ್ನ ಬ್ಯಾಗಿನಿಂದ ಬಾಟಲಿ ತೆಗೆದಳು. ನಿಪ್ಪಲ್ಲಿನ ತೂತು ಸಣ್ಣದಾಯಿತೆಂದು ಕಾಯಿಸಿದ ಪಿನ್ನು ಚುಚ್ಚಿ ದೊಡ್ಡದು ಮಾಡಿದ್ದಳು ಎಂಬುದು ನಮಗೆ ಆಮೇಲೆ ತಿಳಿಯಿತು. ಅಂಚು ಸುಟ್ಟು ಕಂದಾಗಿತ್ತು. ಬಾಟಲಿ ತಲೆಕೆಳಗು ಮಾಡಿದರೆ ಹಾಲು ತೊಟ್ಟಿಕ್ಕುತ್ತಿರಲಿಲ್ಲ, ಧಾರೆಯಾಗಿ ಇಳಿಯುತ್ತಿತ್ತು. ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸ ಐದು ನಿಮಿಷಕ್ಕೆ ಮುಗಿಯತೊಡಗಿತು. ಮನೆಯ ಹಿರಿಯರಿಗಂತೂ ಆಕೆಯ ಕೈಗುಣ ಹೊಗಳಿ ಸಾಕಾಗಲಿಲ್ಲ.

ಹಾಲಿನ ಬಾಟಲಿಯ ಜಾಹೀರಾತನ್ನೇ ನಮ್ಮಲ್ಲಿ 1992ರ ಕಾಯ್ದೆ ನಿಷೇಧಿಸಿದೆ. ಕೆಲಸದವರ ಬ್ಯಾಗಿನಲ್ಲಿ ಅದು ಮನೆಯೊಳಗೆ ಬಂದರೆ ತಡೆಯುವವರು ಯಾರು?

ನಾನು ಬಟ್ಟೆ ಎತ್ತಿಕೊಳ್ಳಲು ಕೋಣೆಗೆ ಹೋದಾಗ ಕಂಡದ್ದನ್ನು ಬಿಡಿಸಿ ಹೇಳುತ್ತೇನೆ, ನಿಮಗೆ ಗುರುತು ಸಿಗಲಿ ಅಂತ. ಮಗುವನ್ನು ಅಂಗಾತ ಮಲಗಿಸಿಕೊಂಡಿದ್ದಳು. ಅವನ ಹುಬ್ಬು ಮೇಲಕ್ಕೇರಿತ್ತು, ಮೂಗಿನ ಹೊಳ್ಳೆ ಅರಳಿತ್ತು, ಕೈಬೆರಳು ಐದೂ ಸೆಟೆದು ಬಿಚ್ಚಿಕೊಂಡಿದ್ದವು. ಬಾಯಿಯ ಕೊನೆಯಿಂದ ಹಾಲು ಕತ್ತಿನ ಮಡಿಕೆಗೆ ಹರಿಯುತ್ತಿತ್ತು. ಆಕೆ ನಿಪ್ಪಲ್ಲನ್ನು ತಿರುವುತ್ತಾ, ಕೆನ್ನೆ ಒತ್ತುತ್ತಾ ‘ಕುಡಿ ಕುಡಿ’ ಅನ್ನುತ್ತಿದ್ದಳು. ಕೈ ಇದ್ದಕ್ಕಿದ್ದಂತೆ ಜೋತುಬಿತ್ತು. ‘ನಿದ್ದೆ ಬಂತು’ ಅಂದಳು. ತುಟಿಯ ಸುತ್ತ ನೇರಳೆ ಬಣ್ಣ. ಬಾಟಲಿ ಕಿತ್ತು, ಪಕ್ಕಕ್ಕೆ ಹೊರಳಿಸಿ ಬೆನ್ನು ಉಜ್ಜಿದ ಮೇಲೆ ಉಸಿರು ಬಂತು. ಉಜ್ಜಿದರೂ ಉಸಿರು ಬಾರದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಉಸಿರು ಬಂದರೂ ಅದೇ ದಿನ ಡಾಕ್ಟರಿಗೆ ತೋರಿಸಿ. ನಮ್ಮವನಿಗೆ ಶ್ವಾಸಕೋಶಕ್ಕೆ ಹಾಲು ಹೋಗಿ ನ್ಯುಮೋನಿಯಾ ಆಗಿತ್ತು. ಮತ್ತೆ ಆಸ್ಪತ್ರೆ, ಆಂಟಿಬಯಾಟಿಕ್, ಮತ್ತೆ ಅದೇ ನಳಿಗೆ.

ನ್ಯುಮೋನಿಯಾ ವಾಸಿಯಾಯಿತು, ಬಾಯಿಯ ಭಯ ವಾಸಿಯಾಗಲಿಲ್ಲ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ತುಟಿಯ ಹತ್ತಿರ ಏನು ತಂದರೂ ಮುಖ ತಿರುಗಿಸುತ್ತಿದ್ದ, ಓಕರಿಸುತ್ತಿದ್ದ, ತಾಯಿಯ ಎದೆಗೂ ಹಾಗೇ. ಕೊನೆಗೆ ಡಾಕ್ಟರು ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಮಾತೇ ಬಾರದ ಕೂಸಿಗೆ ಸ್ಪೀಚ್ ಥೆರಪಿ ಏನು ಅಂತ ನಮ್ಮ ಬಾವ ನಕ್ಕೇಬಿಟ್ಟರು. ನುಂಗುವ ತೊಂದರೆ ನೋಡುವವರೂ ಅವರೇ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಬಂದವರು ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿದ್ದಾರೆ, ವಿಚಾರಿಸಿ.

ಆ ಥೆರಪಿಸ್ಟ್ ಮಾಡಿಸಿದ್ದು ನೋಡಿದರೆ ಅಂಥ ದೊಡ್ಡ ಚಿಕಿತ್ಸೆ ಅನ್ನಿಸುವುದಿಲ್ಲ. ಮೊದಲು ಬಾಯಿಗೆ ಹಾಲೇ ಇಲ್ಲ, ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಕಾಂಗರೂ ಆರೈಕೆಯಷ್ಟೇ. ನಳಿಗೆಯಲ್ಲಿ ಹಾಲು ಇಳಿಯುವಾಗ, ಹಿಂಡಿ ಬರಿದು ಮಾಡಿದ ಮೊಲೆ ಚೀಪಲು ಬಿಡುವುದು, ಚೀಪಿದರೆ ಹೊಟ್ಟೆ ತುಂಬುತ್ತದೆ ಎಂಬ ನಂಟು ಮಗುವಿಗೆ ಮತ್ತೆ ಕೂಡಲಿ ಅಂತ. ಆಮೇಲೆ ತಲೆ ಸ್ವಲ್ಪ ಎತ್ತರಕ್ಕಿಟ್ಟು ಒಳಲೆ. ಒಳಲೆಯಲ್ಲೂ ಸುರಿದರೆ ಬಾಟಲಿಯಷ್ಟೇ ಅಪಾಯ. ಮೂತಿಯನ್ನು ತುಟಿಯ ಕೊನೆಗೆ ತಾಗಿಸಿ ಒಂದಿಷ್ಟು ಬಿಡಬೇಕು, ನುಂಗಿ ಉಸಿರಾಡುವುದನ್ನು ಕಾದು ಮತ್ತೆ ಇನ್ನೊಂದಿಷ್ಟು. ಬೆರಳು ಸೆಟೆದರೆ, ಹುಬ್ಬೇರಿದರೆ, ಮುಖ ಹೊರಳಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ನಿದ್ದೆಗಣ್ಣಿನಲ್ಲಿ ತುರುಕಬಾರದು. ಲೋಟದಲ್ಲಿ ಉಳಿದರೆ ಉಳಿಯಲಿ. ಎಷ್ಟು ಕುಡಿಯಿತು ಎನ್ನುವುದನ್ನು ವಾರದ ತೂಕ ಹೇಳುತ್ತದೆ.

ಆ ಹೆಂಗಸಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಆಕೆಗೆ ಯಾರೂ ಕಲಿಸಿರಲಿಲ್ಲ. ಸರ್ಟಿಫಿಕೇಟ್ ಕೇಳಿದಾಗ ಏಜೆನ್ಸಿಯವರು ವಾಟ್ಸಾಪ್‌ನಲ್ಲಿ ಕಳಿಸಿದ್ದು ಹಾಸಿಗೆ ಹಿಡಿದ ವೃದ್ಧರ ಆರೈಕೆಯ ತರಬೇತಿಯದು! ಅದನ್ನೇ ಹಿಡಿದು ಕೇಳಿದರೆ, ‘ಬೇರೆಯವರನ್ನು ಕಳಿಸ್ತೀವಿ ಮೇಡಂ’ ಅಂದರು. ಹಾಗಾಗಿ ‘ಅನುಭವ ಇದೆಯಾ’ ಅಂತ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. ‘ಹಾಲು ಕುಡಿಸುವುದನ್ನು ನಡುವೆ ಯಾವಾಗ ನಿಲ್ಲಿಸ್ತೀರಿ’ ಅಂತ ಕೇಳಿ. ಖಾಲಿಯಾದಾಗ ಅಂದರೆ ಅಲ್ಲೇ ಬೇಡವೆನ್ನಿ. ಹಾಲು ಕುಡಿಸುವ ಕೆಲಸ ಮನೆಯವರ ಕೈಯಲ್ಲೇ ಇರಲಿ, ಬಂದವರು ಬಟ್ಟೆ, ಅಡುಗೆ ನೋಡಿಕೊಳ್ಳಲಿ. ಡಿಸ್ಚಾರ್ಜ್‌ಗೆ ಮುಂಚೆ ನರ್ಸ್ ಎದುರಿಗೆ ನೀವೇ ಕುಡಿಸಿ ತೋರಿಸಿ. ಎಷ್ಟು ಎಂಎಲ್ ಎಂಬುದರ ಜೊತೆಗೆ ಹೇಗೆ ಎಂಬುದನ್ನೂ ಬರೆಸಿಕೊಳ್ಳಿ.

ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ದುಡ್ಡು ಕಟ್ಟಿದ ರಸೀದಿ, ಅವರ ಮೆಸೇಜುಗಳು, ಆ ನಿಪ್ಪಲ್ಲು, ಮೂರನ್ನೂ ತೆಗೆದಿಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಹೀಗೇನಾದರೂ ಆದರೆ ಸಿಟ್ಟಿನಲ್ಲಿ ಬಾಟಲಿಯನ್ನು ಬಿಸಾಡಬೇಡಿ.