ತರಗತಿಗೆ ಎರಡಡಿ ಎಲ್‌ಇಡಿ ಪ್ಯಾನೆಲ್: ಡೆಸ್ಕಿಗೆ ಸೈ, ಬೋರ್ಡಿಗೆ ಸಾಲದು

ಹಳೆಯ ಟ್ಯೂಬ್‌ಲೈಟ್ ಕಳಚಿ ತರಗತಿಗೆ ಹೊಸ ದೀಪ ಹಾಕಿಸುವವರು ಈಗ ಹೆಚ್ಚಾಗಿ ಆರಿಸಿಕೊಳ್ಳುವುದು 600 ಮಿ.ಮೀ. ಚದರದ, 36 ವ್ಯಾಟ್ ಆಸುಪಾಸಿನ ಎಲ್‌ಇಡಿ ಪ್ಯಾನೆಲನ್ನು. ಮೇಲ್ನೋಟಕ್ಕೆ ಎಲ್ಲವೂ ಒಂದೇ ಥರ: ಬಿಳಿ ಚೌಕಟ್ಟು, ಬಿಳಿ ಹಾಳೆ. ವ್ಯತ್ಯಾಸ ಇರುವುದು ಒಳಗೆ. ದಿನಕ್ಕೆ ಐದಾರು ಗಂಟೆ ಅದರಡಿ ಕೂತು ಓದುವ ಮಗುವಿಗೆ ಆ ವ್ಯತ್ಯಾಸ ಚೆನ್ನಾಗಿಯೇ ತಟ್ಟುತ್ತದೆ. ಹಾಗಾಗಿ ವ್ಯಾಟ್ ನೋಡಿ ಕೊಳ್ಳುವ ಅಭ್ಯಾಸವನ್ನು ಮೊದಲು ಬಿಡಬೇಕು.

ಪ್ಯಾನೆಲ್‌ನಲ್ಲಿ ಎರಡು ಜಾತಿ. ಎಡ್ಜ್‌ಲಿಟ್‌ನಲ್ಲಿ ಎಲ್‌ಇಡಿ ಪಟ್ಟಿ ಚೌಕಟ್ಟಿನ ಅಂಚಿನಲ್ಲಿ ಕೂತಿರುತ್ತದೆ. ಬೆಳಕು ಒಂದು ಪ್ಲಾಸ್ಟಿಕ್ ಹಲಗೆಯೊಳಗೆ ಹಾದು ಕೆಳಗಿಳಿಯುತ್ತದೆ. ಆ ಹಲಗೆ ಅಕ್ರಿಲಿಕ್‌ದಾದರೆ ಬಹುಕಾಲ ತಿಳಿಯಾಗಿಯೇ ಉಳಿಯುತ್ತದೆ. ಅಗ್ಗದ ಪಾಲಿಸ್ಟೈರೀನ್‌ದಾದರೆ ಕ್ರಮೇಣ ಹಳದಿಗೆ ತಿರುಗುತ್ತದೆ. ದೀಪವೇನೋ ಉರಿಯುತ್ತಲೇ ಇರುತ್ತದೆ, ಕೋಣೆ ಮಂಕಾಗುತ್ತ ಹೋಗುತ್ತದೆ, ಯಾರಿಗೂ ತಿಳಿಯುವುದೇ ಇಲ್ಲ. ಬ್ಯಾಕ್‌ಲಿಟ್ ಪ್ಯಾನೆಲ್ ಸ್ವಲ್ಪ ದಪ್ಪ. ಎಲ್‌ಇಡಿಗಳು ಹಿಂಬದಿಯಿಂದ ನೇರ ಕೆಳಗೆ ಬೆಳಗುವುದರಿಂದ ಈ ಹಲಗೆಯ ರಗಳೆಯೇ ಇಲ್ಲ. ಶಾಲೆಗೆ ನಮ್ಮ ಮತ ಬ್ಯಾಕ್‌ಲಿಟ್‌ಗೆ.

ಮುಂದಿನದು ಡಿಫ್ಯೂಸರ್, ಅಂದರೆ ಬೆಳಕು ಹರಡುವ ಮುಂಭಾಗದ ಹಾಳೆ. ಹಾಲುಬಿಳುಪಿನ ಓಪಲ್ ಹಾಳೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಹಾಗಾಗಿ ತಲೆಯೆತ್ತಿ ಬೋರ್ಡು ನೋಡುವ ಹಿಂದಿನ ಬೆಂಚಿನ ಮಕ್ಕಳಿಗೆ ಮುಂದಿನ ಪ್ಯಾನೆಲ್‌ಗಳೆಲ್ಲ ಸಾಲಾಗಿ ಕಣ್ಣು ಕುಕ್ಕುತ್ತವೆ. ಹತ್ತಿರದಿಂದ ನೋಡಿದರೆ ಪುಟ್ಟ ಪುಟ್ಟ ಪಿರಮಿಡ್‌ಗಳಂತೆ ಕಾಣುವ ಮೈಕ್ರೋಪ್ರಿಸ್ಮ್ಯಾಟಿಕ್ ಹಾಳೆ ಬೆಳಕನ್ನು ಕೆಳಮುಖವಾಗಿ ಹಿಡಿದಿಡುತ್ತದೆ. ಕಣ್ಣು ಕುಕ್ಕುವುದನ್ನು ಅಳೆಯುವ ಅಂಕಿ ಯುಜಿಆರ್, ತರಗತಿಗೆ ಅದು 19 ಮೀರಬಾರದು. ಪೆಟ್ಟಿಗೆಯ ಮೇಲೆ ‘ಯುಜಿಆರ್ 19ಕ್ಕಿಂತ ಕಡಿಮೆ’ ಎಂದು ಅಚ್ಚಾದ ಮಾತ್ರಕ್ಕೆ ಮುಗಿಯಲಿಲ್ಲ: ಆ ಅಂಕಿ ಬರೀ ದೀಪದ್ದಲ್ಲ, ಕೋಣೆಯ ಅಳತೆ, ಗೋಡೆಯ ಬಣ್ಣ, ನೋಡುವ ದಿಕ್ಕು ಎಲ್ಲ ಸೇರಿ ಬರುವಂಥದ್ದು. ತಯಾರಕರ ಯುಜಿಆರ್ ಪಟ್ಟಿ ಕೇಳಿ ಪಡೆದು ನಿಮ್ಮ ಕೋಣೆಗೆ ಹತ್ತಿರದ ಸಾಲನ್ನೇ ನೋಡಿ.

ಇಡೀ ಪ್ಯಾನೆಲ್‌ನಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದ ಭಾಗ ಡ್ರೈವರ್, ಅಂದರೆ ಲೈನಿನ ವಿದ್ಯುತ್ತನ್ನು ಎಲ್‌ಇಡಿಗೆ ಹೊಂದಿಸಿ ಕೊಡುವ ಪೆಟ್ಟಿಗೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕಳಪೆ ಡ್ರೈವರ್ ಇರುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನೇರವಾಗಿ ಕಣ್ಣಿಗೆ ಕಾಣದಿದ್ದರೂ ತೊಂದರೆ ತಪ್ಪಿದ್ದಲ್ಲ. 1989ರಲ್ಲಿ ಬ್ರಿಟನ್ನಿನ ಸಂಶೋಧಕ ವಿಲ್ಕಿನ್ಸ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಕಚೇರಿಯ ಟ್ಯೂಬ್‌ಲೈಟ್‌ಗಳನ್ನು ಮಿನುಗು ತಗ್ಗಿಸುವ ಹೈ ಫ್ರೀಕ್ವೆನ್ಸಿ ಚೋಕ್‌ಗೆ ಬದಲಿಸಿದಾಗ ತಲೆನೋವು, ಕಣ್ಣುದಣಿವು ಅರ್ಧಕ್ಕೂ ಕೆಳಗಿಳಿದಿದ್ದವು. ಅದೇ ತಾಪತ್ರಯವನ್ನು ಅಗ್ಗದ ಎಲ್‌ಇಡಿ ಮತ್ತೆ ತರಗತಿಯೊಳಕ್ಕೆ ತರುತ್ತಿದೆ. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇಯ 1789ನೇ ಸಂಖ್ಯೆಯ ಮಾರ್ಗಸೂಚಿಯ ಪ್ರಕಾರ 100 ಹರ್ಟ್ಸ್‌ನಲ್ಲಿ ಬೆಳಕಿನ ಏರಿಳಿತ ಶೇ 8ರೊಳಗೆ ಇರಬೇಕು. ಡೇಟಾಶೀಟ್‌ನಲ್ಲಿ ಎಸ್‌ವಿಎಂ ಎಂಬ, ಚಲಿಸುವ ವಸ್ತುವಿನ ಮೇಲೆ ಮಿನುಗು ಎಷ್ಟು ಕಾಣುತ್ತದೆಂದು ಹೇಳುವ ಅಂಕಿ ಕೊಟ್ಟಿದ್ದರೆ ಅದು 0.4 ದಾಟಬಾರದು.

ಉಪಕರಣ ಇಲ್ಲದವರು ಪೆನ್ಸಿಲ್ ಪರೀಕ್ಷೆ ಮಾಡಬಹುದು. ಬೇರೆ ದೀಪವೆಲ್ಲ ಆರಿಸಿ, ಪ್ಯಾನೆಲ್ ಕೆಳಗೆ ಪೆನ್ಸಿಲನ್ನು ಬೆರಳ ತುದಿಯಲ್ಲಿ ಹಿಡಿದು ಬೀಸಣಿಗೆಯಂತೆ ಜೋರಾಗಿ ಆಡಿಸಿ. ನುಣುಪಾದ ಮಸುಕು ಕಂಡರೆ ಸರಿ. ಬಿಡಿಬಿಡಿಯಾಗಿ ಹಲವು ಪೆನ್ಸಿಲ್‌ಗಳು ಕಂಡರೆ ಆ ದೀಪ ಬೇಡ. ಮೊಬೈಲ್‌ನ ಸ್ಲೋ ಮೋಷನ್ ವಿಡಿಯೋದಲ್ಲೂ ಮಿನುಗು ಸಿಕ್ಕಿಬೀಳುತ್ತದೆ. ಡಿಮ್ ಮಾಡುವ ಪ್ಯಾನೆಲ್ ಆದರೆ ಪೂರ್ಣ ಬೆಳಕಿನಲ್ಲಿ ಪಾಸಾದದ್ದು ಕಾಲುಭಾಗಕ್ಕೆ ಇಳಿಸಿದಾಗ ಫೇಲಾಗಬಹುದು, ಎರಡೂ ಕಡೆ ನೋಡಲೇಬೇಕು.

ಎಷ್ಟು ಬೇಕು? 8 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆ, ಡೆಸ್ಕಿನ ಮೇಲೆ 500 ಲಕ್ಸ್ ಗುರಿ ಎಂದುಕೊಳ್ಳಿ. ಲ್ಯೂಮೆನ್ ಎಂದರೆ ದೀಪ ಚೆಲ್ಲುವ ಬೆಳಕಿನ ಅಳತೆ, ಲಕ್ಸ್ ಎಂದರೆ ಒಂದು ಚ.ಮೀ.ಗೆ ಬೀಳುವ ಲ್ಯೂಮೆನ್. 48 ಚ.ಮೀ. ಗುಣಿಲೆ 500, ಅಂದರೆ 24,000 ಲ್ಯೂಮೆನ್ ಡೆಸ್ಕಿನ ಮಟ್ಟಕ್ಕೆ ತಲುಪಬೇಕು. ಪ್ಯಾನೆಲ್‌ದು 4,000 ಲ್ಯೂಮೆನ್. ಗೋಡೆ-ಸೀಲಿಂಗ್ ನುಂಗಿ ಉಳಿಯುವುದು 0.65 ಪಾಲು, ಧೂಳು ಮತ್ತು ವಯಸ್ಸು ಕಳೆದು ಅದರಲ್ಲಿ 0.8 ಪಾಲು ಎಂದು ಹಿಡಿದರೆ ಒಂದರಿಂದ ದಕ್ಕುವುದು 2,080. ಲೆಕ್ಕ 11.5 ಬರುತ್ತದೆ, 12 ಹಾಕಿ. ನಾಲ್ಕರಂತೆ ಮೂರು ಸಾಲು, ಸಾಲುಗಳು ಕಿಟಕಿಗೋಡೆಗೆ ಸಮಾನಾಂತರ, ಸಾಲಿಗೊಂದು ಸ್ವಿಚ್ಚು. ಹಗಲಲ್ಲಿ ಕಿಟಕಿ ಬದಿಯ ಸಾಲು ಆರಿಸಿದರೂ ಒಳಬದಿಯ ಮಕ್ಕಳಿಗೆ ಬೆಳಕು ಇರುತ್ತದೆ. ಸೀಲಿಂಗಿಗೆ ಬಿಳಿ, ಗೋಡೆಗೆ ತಿಳಿಬಣ್ಣ ಇಲ್ಲದಿದ್ದರೆ ಆ 0.65 ದಕ್ಕುವುದಿಲ್ಲ, ಕಡುಬಣ್ಣದ ಗೋಡೆಗೆ ದೀಪ ಹೆಚ್ಚಿಸುವ ಬದಲು ಸುಣ್ಣ ಬಳಿಸುವುದೇ ಅಗ್ಗ. ಬಣ್ಣದ ಉಷ್ಣತೆ 4000 ಕೆಲ್ವಿನ್, ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಂಕಿಯಾದ ಸಿಆರ್‌ಐ 80ಕ್ಕೆ ಕಡಿಮೆ ಇಲ್ಲದಂತೆ. ಚಿತ್ರಕಲೆ ಕೋಣೆಗೆ 90.

ಪ್ಯಾನೆಲ್ ಸೋಲುವುದು ಬೋರ್ಡಿನ ಬಳಿ. ಅದರ ಬೆಳಕು ಕೆಳಕ್ಕೆ ಬೀಳುತ್ತದೆ, ಬೋರ್ಡು ನೆಟ್ಟಗೆ ನಿಂತಿದೆ. ಡೆಸ್ಕಿನಲ್ಲಿ 500 ಲಕ್ಸ್ ತೋರಿಸುವ ಕೋಣೆಯಲ್ಲೇ ಬೋರ್ಡಿನ ಕೆಳತುದಿಗೆ ಲಕ್ಸ್ ಮೀಟರ್ ಒತ್ತಿ ಹಿಡಿದರೆ ಅಂಕಿ ಎಷ್ಟೋ ಕೆಳಗಿರುತ್ತದೆ. ಇನ್ನೊಂದು ತೊಂದರೆ ಹೊಳಪು. ವೈಟ್‌ಬೋರ್ಡು ಕನ್ನಡಿಯ ಹಾಗೆ ವರ್ತಿಸುತ್ತದೆ. ಸೀಲಿಂಗ್ 3 ಮೀಟರ್, ಕೂತ ಮಗುವಿನ ಕಣ್ಣು 1.2 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಮಗುವಿನ ನೆತ್ತಿಯ ಮೇಲಿರುವ ಪ್ಯಾನೆಲ್‌ನ ಪ್ರತಿಬಿಂಬ ಬೋರ್ಡಿನ ಮೇಲೆ ಸುಮಾರು 2.1 ಮೀಟರ್ ಎತ್ತರದಲ್ಲಿ ಬೀಳುತ್ತದೆ. ಅದಕ್ಕಿಂತ ಹಿಂದಿನ ಪ್ಯಾನೆಲ್‌ಗಳದ್ದು ಇನ್ನೂ ಕೆಳಗೆ, ನೇರ ಬರಹದ ಮೇಲೆ. ಮುಂದಿನ ಬೆಂಚಿನವರೇ ‘ಅಕ್ಷರ ಕಾಣ್ತಿಲ್ಲ ಮಿಸ್’ ಎನ್ನುವುದು ಇದಕ್ಕೇ.

ಪರಿಹಾರ ಎಂದರೆ ಬೋರ್ಡಿಗೇ ಪ್ರತ್ಯೇಕ ದೀಪ: ಬೆಳಕನ್ನು ಒಂದೇ ಬದಿಗೆ ತಿರುಗಿಸುವ, ಬೋರ್ಡಿನಷ್ಟೇ ಉದ್ದದ ವಾಲ್‌ವಾಷರ್. ಗೋಡೆಯಿಂದ 0.9 ಮೀಟರ್ ಮುಂದೆ ಕಟ್ಟಿದರೆ, ಬೋರ್ಡಿನಿಂದ 2 ಮೀಟರ್ ದೂರ ಕೂತವರಿಗೆ ಅದರ ಪ್ರತಿಬಿಂಬ 2.4 ಮೀಟರ್ ಮೇಲಕ್ಕೆ, ಅಂದರೆ ಬೋರ್ಡಿನ ಆಚೆಗೆ ಹೋಗುತ್ತದೆ. ಸ್ವಿಚ್ಚು ಬೇರೆಯೇ ಇರಲಿ, ಪ್ರೊಜೆಕ್ಟರ್ ಹಾಕಿದಾಗ ಅದೊಂದನ್ನೇ ಆರಿಸಬೇಕಾಗುತ್ತದೆ. ಬೋರ್ಡಿನ ಮೇಲೂ 500 ಲಕ್ಸ್ ಬೇಕು, ನಾಲ್ಕು ಮೂಲೆಯಲ್ಲೂ ಅಳೆಯಿರಿ.

ಫ್ಯಾನ್ ಇರುವ ಕೋಣೆಯಲ್ಲಿ ಪ್ಯಾನೆಲ್ ರೆಕ್ಕೆಗಳ ವೃತ್ತದ ಮೇಲೆ ಬರಕೂಡದು. ಬಂದರೆ ಎಷ್ಟೇ ಒಳ್ಳೆಯ ಡ್ರೈವರ್ ಇದ್ದರೂ ಪುಸ್ತಕದ ಮೇಲೆ ನೆರಳು ಪಟಪಟ ಹೊಡೆಯುತ್ತದೆ. ಸಾಕಷ್ಟು ದೂರ ಇಡಲು ಜಾಗ ಇಲ್ಲದಿದ್ದರೆ ಪ್ಯಾನೆಲನ್ನು ವೃತ್ತದ ಹೊರಗೇ ತಂತಿಯಲ್ಲಿ ರೆಕ್ಕೆಯ ಮಟ್ಟಕ್ಕೆ ಇಳಿಬಿಡಿ.

ಜೋಡಣೆಯಲ್ಲಿ ಕೆಡುವುದು ಹೆಚ್ಚಾಗಿ ಕನೆಕ್ಟರ್: ಡ್ರೈವರ್‌ನಿಂದ ಪ್ಯಾನೆಲ್‌ಗೆ ಬರುವ ಪಿನ್ ಸಡಿಲವಾದರೆ ದೀಪ ಆಗಾಗ ಆರಿ ಹೊತ್ತುತ್ತದೆ, ದೂರು ಮಾತ್ರ ‘ಎಲ್‌ಇಡಿ ಕೆಟ್ಟಿದೆ’ ಎಂದು ಬರುತ್ತದೆ. ಡ್ರೈವರನ್ನು ಶಾಖನಿರೋಧಕ ಹಾಸಿನ ಕೆಳಗೆ ಹುದುಗಿಸಬೇಡಿ. ಬಿಸಿಗೆ ಒಳಗಿನ ಕೆಪ್ಯಾಸಿಟರ್ ಒಣಗುತ್ತದೆ. ಹನ್ನೆರಡೂ ಒಟ್ಟಿಗೆ ಹೊತ್ತಿದಾಗ ಎಂಸಿಬಿ ಬಿದ್ದರೆ ಅದು ಡ್ರೈವರ್‌ಗಳ ಆರಂಭದ ಕ್ಷಣಿಕ ಕರೆಂಟ್ ಇರಬಹುದು, ಶಾರ್ಟ್ ಎಂದೇ ತೀರ್ಮಾನಿಸಬೇಡಿ. ಮಕ್ಕಳ ತಲೆಯ ಮೇಲೆ ತೂಗುವ ವಸ್ತು, ಪ್ರತಿ ಪ್ಯಾನೆಲ್‌ಗೂ ಸುರಕ್ಷತಾ ತಂತಿ ಕಡ್ಡಾಯ. ಒರೆಸುವಾಗ ಒದ್ದೆ ಮೆತ್ತನೆ ಬಟ್ಟೆ ಸಾಕು. ಥಿನ್ನರ್ ತಾಗಿದರೆ ಪ್ರಿಸಂ ಹಾಳೆ ಹಾಳಾಗುತ್ತದೆ.

‘50,000 ಗಂಟೆ’ ಎಂಬ ಬಾಳಿಕೆ ಸಾಮಾನ್ಯವಾಗಿ ಎಲ್‌ಇಡಿಯದು, ಡ್ರೈವರ್‌ದಲ್ಲ. ಆರ್ಡರ್ ಕೊಡುವ ಮೊದಲೇ ಡ್ರೈವರ್‌ನ ವಾರಂಟಿ ಬೇರೆಯಾಗಿ ಬರೆಸಿಕೊಳ್ಳಿ, ಅದೇ ಔಟ್‌ಪುಟ್ ಕರೆಂಟ್‌ನ ಬಿಡಿ ಡ್ರೈವರ್ ಮುಂದೆಯೂ ಸಿಗುತ್ತದೆಯೇ ಕೇಳಿ, ಹನ್ನೆರಡು ಪ್ಯಾನೆಲ್‌ಗೆ ಒಂದೆರಡನ್ನು ಜೊತೆಗೇ ತೆಗೆದಿಡಿ.