ಕಪ್ಪು ಗ್ರಾನೈಟೋ, ಸಾಲಿಡ್ ಸರ್ಫೇಸೋ? ಒಂದೇ ಮನೆಯ ಎರಡು ಅಡುಗೆ ಕಟ್ಟೆಗಳು

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಎರಡು ಹೊತ್ತು ಒಲೆ ಉರಿಯುವ, ಅನ್ನ ಬಸಿಯುವ, ತೆಂಗಿನಕಾಯಿ ಒಡೆಯುವ ಮನೆಗೆ ಕಪ್ಪು ಗ್ರಾನೈಟ್ ಕಟ್ಟೆ ಮತ್ತು ಅದರ ಅಡಿಗೆ ಕೂರಿಸಿದ ಸ್ಟೀಲ್ ಸಿಂಕ್ ಸಾಕು. ಅಕ್ರಿಲಿಕ್ ಬೆರೆಸಿ ಕಾರ್ಖಾನೆಯಲ್ಲಿ ಮಾಡುವ ಸಾಲಿಡ್ ಸರ್ಫೇಸ್ ಶೀಟು ಚೆಂದ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ಬಳಸಿ ಸಂತೋಷಪಟ್ಟಿದ್ದೇನೆ, ಅದರಿಂದ ಸಂಕಟವನ್ನೂ ಪಟ್ಟಿದ್ದೇನೆ.

ಮೈಸೂರಿನ ನಮ್ಮ ಮನೆಯಲ್ಲಿ ಕೆಳಗೆ ಅಮ್ಮನ ಅಡುಗೆಮನೆ, ಮೇಲೆ ನಮ್ಮದು. ಎರಡೂ ಒಟ್ಟಿಗೇ ಕಟ್ಟಿದವು. ಕೆಳಗೆ ಕಡಪ ಕಲ್ಲಿನ ಆಧಾರದ ಮೇಲೆ ಚಾಮರಾಜನಗರದ ಕಪ್ಪು ಶಿಲೆ. ಭೂವಿಜ್ಞಾನಿಗಳು ಇದನ್ನು ಡಾಲರೈಟ್ ಎನ್ನುತ್ತಾರೆ, ಅಂಗಡಿಯಲ್ಲಿ ಎಲ್ಲ ಗಟ್ಟಿ ಕಲ್ಲೂ ಗ್ರಾನೈಟೇ. ಮೇಲೆ ಹಾಲುಬಿಳಿ ಬಣ್ಣದ ಸಾಲಿಡ್ ಸರ್ಫೇಸ್, ಸಿಂಕ್ ಕೂಡ ಅದೇ ವಸ್ತುವಿನದು. ನೀರು ಒಂದೇ, ಅಡುಗೆಯ ಪದ್ಧತಿ ಒಂದೇ, ವಯಸ್ಸೂ ಒಂದೇ. ಹಾಗಾಗಿ ಈ ಹೋಲಿಕೆಯಲ್ಲಿ ಪಕ್ಷಪಾತಕ್ಕೆ ಹೆಚ್ಚು ಜಾಗವಿಲ್ಲ ಎಂದು ನಂಬಿದ್ದೇನೆ.

ಸಾಲಿಡ್ ಸರ್ಫೇಸ್ ಎಂದರೆ ಮೂರನೆಯ ಒಂದು ಭಾಗದಷ್ಟು ಅಕ್ರಿಲಿಕ್, ಉಳಿದದ್ದು ಬಾಕ್ಸೈಟ್ ಅದಿರಿನಿಂದ ಬರುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿ. ಅಮೆರಿಕದ ಡ್ಯೂಪಾಂಟ್ 1967ರಲ್ಲಿ ಕೋರಿಯನ್ ಎಂಬ ಹೆಸರಿನಲ್ಲಿ ಇದನ್ನು ರೂಪಿಸಿತು. ಪೇಟೆಂಟ್ ಮುಗಿದ ಮೇಲೆ ದಕ್ಷಿಣ ಕೊರಿಯಾದ ಎಲ್‌ಜಿಯ ಹೈ-ಮ್ಯಾಕ್ಸ್, ಸ್ಯಾಮ್‌ಸಂಗ್‌ನ ಸ್ಟಾರಾನ್ ಮುಂತಾದವು ಬಂದವು. ನಮ್ಮ ಕಡೆಯ ಅಂಗಡಿಗಳಲ್ಲಿ ಯಾರ ಶೀಟಾದರೂ ಸರಿ, ಪಾಲಿಯೆಸ್ಟರ್ ಬೆರೆಸಿದ ಅಗ್ಗದ ಶೀಟಾದರೂ ಸರಿ, ಎಲ್ಲಕ್ಕೂ ಕೋರಿಯನ್ ಎಂದೇ ಹೇಳುತ್ತಾರೆ. ಕೊಳ್ಳುವವರು ಶೀಟಿನ ಹಿಂಬದಿಯ ಮುದ್ರೆಯನ್ನು ಕಣ್ಣಾರೆ ನೋಡಿಯೇ ಹಣ ಕೊಡಬೇಕು.

ಇದರ ಸುಖ ಏನೆಂದು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಕಟ್ಟೆಗೂ ಸಿಂಕಿಗೂ ನಡುವೆ ಸಂದು ಎಂಬುದೇ ಇಲ್ಲ. ಒದ್ದೆ ಬಟ್ಟೆಯಿಂದ ಒಮ್ಮೆ ಎಳೆದರೆ ತರಕಾರಿ ಸಿಪ್ಪೆ, ಹಿಟ್ಟು, ನೀರು ಎಲ್ಲ ನೇರವಾಗಿ ಸಿಂಕಿಗೆ. ಕೆಳಗಿನ ಮನೆಯಲ್ಲಿ ಸ್ಟೀಲ್ ಸಿಂಕಿನ ಸುತ್ತ ಹಚ್ಚಿದ ಸಿಲಿಕೋನ್ ಅಂಟು ಮಳೆಗಾಲ ಬಂತೆಂದರೆ ಕಪ್ಪಾಗುತ್ತದೆ. ಅದನ್ನು ಕೆರೆದು ಹೊಸದಾಗಿ ಹಚ್ಚಬೇಕು. ಮೇಲೆ ಆ ಕೆಲಸವೇ ಇರಲಿಲ್ಲ. ಬೆಳಗಿನ ಜಾವ ಮುಟ್ಟಿದರೆ ಕಲ್ಲಿನಷ್ಟು ತಣ್ಣಗೂ ಇರುವುದಿಲ್ಲ, ಪಾತ್ರೆ ಇಟ್ಟರೆ ಸದ್ದೂ ಕಡಿಮೆ.

ತೊಂದರೆ ಶುರುವಾದದ್ದು ಸಿಂಕಿನ ತಳದಲ್ಲಿ. ಕೆಲವು ವರ್ಷ ಕಳೆದ ಮೇಲೆ ನೀರು ಹೋಗುವ ತೂತಿನ ಅಂಚಿನಿಂದ ಕೂದಲೆಳೆಯಂಥ ಗೆರೆಯೊಂದು ಹೊರಟಿತು. ಮೊದಲು ಕೊಳೆ ಎಂದುಕೊಂಡು ಉಜ್ಜಿದೆವು. ಗೆರೆ ಹೋಗಲಿಲ್ಲ, ಅರಿಶಿನದ ನೀರು ಸೇರಿ ಇನ್ನೂ ಎದ್ದು ಕಂಡಿತು. ಕ್ರಮೇಣ ಅದು ಕವಲೊಡೆದು ಸಿಂಕಿನ ಗೋಡೆಯ ಕಡೆಗೆ ಹತ್ತಿತು, ಕೆಳಗಿನ ಕಪಾಟಿನಲ್ಲಿ ಹನಿ ಕಾಣಿಸಿಕೊಂಡಿತು.

ಕಾರಣ ನಮ್ಮ ಅಡುಗೆಯಲ್ಲೇ ಇದೆ. ನಮ್ಮ ಮನೆಯಲ್ಲಿ ಅನ್ನವನ್ನು ಬಸಿದೇ ಮಾಡುವುದು. ಕುದಿಯುವ ಗಂಜಿಯಲ್ಲಿ ಕುಡಿಯಲು ಬೇಕಾದಷ್ಟನ್ನು ತೆಗೆದಿಟ್ಟು ಉಳಿದದ್ದನ್ನು ಸಿಂಕಿಗೆ ಸುರಿಯುತ್ತೇವೆ. ಶಾವಿಗೆಯ ನೀರು, ಕಾಳು ಬೇಯಿಸಿದ ಹೆಚ್ಚಿನ ಕಟ್ಟು ಹೋಗುವುದೂ ಅಲ್ಲಿಗೇ. ಶಾಖಕ್ಕೆ ಈ ವಸ್ತು ಕಲ್ಲಿಗಿಂತ ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ. ಕುದಿನೀರು ಬಿದ್ದ ತೂತಿನ ಸುತ್ತಲ ಜಾಗ ತಟ್ಟನೆ ಹಿಗ್ಗಲು ನೋಡುತ್ತದೆ, ಆಚೆಯ ತಣ್ಣಗಿನ ಭಾಗ ಬಿಡುವುದಿಲ್ಲ. ಜೊತೆಗೆ ಪೈಪಿನ ಕಪ್ಲಿಂಗ್ ಅದೇ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ. ದಿನವೂ ಹೀಗೆ ಎಳೆದಾಟ ನಡೆದು ಕೊನೆಗೆ ದುರ್ಬಲ ಜಾಗದಲ್ಲಿ ಬಿರುಕು. ಕುದಿಯುವುದನ್ನು ಸುರಿಯುವಾಗ ತಣ್ಣೀರಿನ ನಲ್ಲಿ ಬಿಟ್ಟಿರಬೇಕು ಎಂದು ತಯಾರಕರ ಸೂಚನೆಯಲ್ಲಿ ಇರುತ್ತದೆ. ಆದರೆ ಒಂದು ಕೈಯಲ್ಲಿ ತಪ್ಪಲೆ, ಇನ್ನೊಂದರಲ್ಲಿ ಮುಚ್ಚಳ ಹಿಡಿದು ಅನ್ನ ಬಸಿಯುವವರಿಗೆ ನಲ್ಲಿ ತಿರುಗಿಸಲು ಮೂರನೆಯ ಕೈ ಎಲ್ಲಿದೆ? ನೀರಿನ ಸರದಿ ಕಾಯುವ ಬಡಾವಣೆಯಲ್ಲಿ ಪ್ರತಿ ಹೊತ್ತೂ ಹಾಗೆ ನೀರು ಹರಿಸಲು ಮನಸ್ಸೂ ಬರುವುದಿಲ್ಲ.

ಬಿರುಕಿಗಿಂತ ಹೆಚ್ಚು ದಣಿಸಿದ್ದು ರಿಪೇರಿಯ ಹುಡುಕಾಟ. ಸಾಲಿಡ್ ಸರ್ಫೇಸನ್ನು ಮಾರುವಾಗ ಹೇಳುವ ಮೊದಲ ಮಾತೇ ಇದು: ಕೆಟ್ಟರೆ ಸರಿಮಾಡಬಹುದು. ಮಾತು ಸುಳ್ಳಲ್ಲ. ಒಡೆದ ಜಾಗವನ್ನು ಕತ್ತರಿಸಿ, ಅದೇ ಬಣ್ಣದ ತುಂಡು ಕೂರಿಸಿ, ಬಣ್ಣಕ್ಕೆ ಹೊಂದುವ ಅಕ್ರಿಲಿಕ್ ಅಂಟಿನಿಂದ ಬೆಸೆದು, ಉಪ್ಪುಕಾಗದದಿಂದ ಉಜ್ಜಿದರೆ ಬೆಸುಗೆ ಕಣ್ಣಿಗೆ ಕಾಣುವುದಿಲ್ಲ. ಗ್ರಾನೈಟಿಗೆ ಈ ಭಾಗ್ಯವಿಲ್ಲ, ಅದರ ಅಂಚು ಹಾರಿದರೆ ಹಾರಿದ್ದೇ. ಆದರೆ ಈ ಗುಣ ಕೈಗೆ ಸಿಗಬೇಕಾದರೆ ಮೂರು ಕೂಡಿಬರಬೇಕು: ಅದೇ ಬಣ್ಣದ ತುಂಡು, ಸರಿಯಾದ ಅಂಟು, ಪಳಗಿದ ಕೈ.

ನಮಗೆ ಹಾಕಿಕೊಟ್ಟವರು ಬೆಂಗಳೂರಿನವರು. ಫೋನ್ ಮಾಡಿದರೆ ಒಂದು ಸಿಂಕಿಗಾಗಿ ಮೈಸೂರಿಗೆ ಆಳು ಕಳಿಸುವುದು ಕಷ್ಟ ಎಂದರು. ಇನ್ನೊಂದು ಕಾರ್ಯಾಗಾರಕ್ಕೆ ಚಿತ್ರ ಕಳಿಸಿದೆ. “ಮೇಡಂ, ಈ ಬಣ್ಣ ಈಗ ಬರುವುದಿಲ್ಲ. ಹಾಕಿಸಿದಾಗ ಉಳಿದ ತುಂಡು ಇದ್ದರೆ ತನ್ನಿ” ಎಂದರು. ಉಳಿದ ತುಂಡುಗಳನ್ನು ಕೆಲಸದವರು ಅಂದೇ ಹೊತ್ತೊಯ್ದಿದ್ದರು. ಬಿಳಿಯಲ್ಲೂ ಹತ್ತಾರು ಬಿಳಿಗಳಿವೆ. ಕಂಪನಿಗಳು ಬಣ್ಣಗಳ ಪಟ್ಟಿಯನ್ನು ಆಗಾಗ ಬದಲಿಸುತ್ತಿರುತ್ತವೆ, ನಿಂತುಹೋದ ಬಣ್ಣದ ಮನೆಗಳ ಗತಿ ಏನೆಂದು ಮಾರಿದ ಮೇಲೆ ಯಾರೂ ಕೇಳುವುದಿಲ್ಲ. ಹತ್ತು ವರ್ಷದ ವಾರಂಟಿ ಎಂಬುದು ಸಾಮಾನ್ಯವಾಗಿ ಕಂಪನಿಯ ಅಧಿಕೃತ ಫ್ಯಾಬ್ರಿಕೇಟರ್, ಅಂದರೆ ಶೀಟು ಕತ್ತರಿಸಿ ಕೂರಿಸುವವರು, ಹಾಕಿದ ಕೆಲಸಕ್ಕೆ ಮಾತ್ರ. ನಮ್ಮ ಕೆಲಸದವರು ಆ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ಆಗ ತಿಳಿಯಿತು.

ಈ ಓಡಾಟದಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ನಾನು ಹೋಗಿ ನೋಡಿದ ಕಾರ್ಯಾಗಾರಗಳಲ್ಲಿ ನಡೆಯುತ್ತಿದ್ದ ಕೆಲಸ ದೇವರಮನೆಯ ಮಂಟಪಗಳದು. ಬಿಳಿ ಶೀಟನ್ನು ಯಂತ್ರದಲ್ಲಿ ಕೊರೆದು, ಹಿಂದೆ ದೀಪ ಇಟ್ಟು ಬೆಳಗಿಸುವ ಮಂಟಪಗಳು. ನಿಜಕ್ಕೂ ಕಣ್ಣಿಗೆ ಹಬ್ಬ. ಅಡುಗೆ ಕಟ್ಟೆಯ ಗಿರಾಕಿಗಳನ್ನು ಕ್ವಾರ್ಟ್ಸ್ (ಕಲ್ಲಿನ ಪುಡಿಯನ್ನು ರಾಳದಿಂದ ಬೆಸೆದ ಚಪ್ಪಡಿ) ಮತ್ತು ಗ್ರಾನೈಟ್ ಎಳೆದುಕೊಂಡಿವೆ, ಇವರ ಹೊಟ್ಟೆಪಾಡು ಮಂಟಪದಿಂದ. ಒಂದು ಸಿಂಕಿನ ರಿಪೇರಿಗೆ ದಿನವಿಡೀ ಧೂಳು ಕುಡಿಯಲು ಯಾರು ಬರುತ್ತಾರೆ? ಅವರನ್ನು ದೂರಲಾರೆ. ಆದರೆ ಬೆಂಗಳೂರಿನಲ್ಲೇ ಹೀಗಿರುವಾಗ ಹಾಸನ, ದಾವಣಗೆರೆಯಂಥ ಊರುಗಳಲ್ಲಿ ಇದನ್ನು ಹಾಕಿಸುವವರು ಮುಂದಿನದನ್ನು ಮೊದಲೇ ಯೋಚಿಸಬೇಕು. ಗ್ರಾನೈಟ್ ಕತ್ತರಿಸುವ ಮೇಸ್ತ್ರಿ ಪ್ರತಿ ತಾಲ್ಲೂಕಿನಲ್ಲೂ ಇದ್ದಾನೆ.

ಕೊನೆಗೆ ಒಬ್ಬರು ಬಂದು ಬಿಳಿ ಸಿಂಕನ್ನು ಕತ್ತರಿಸಿ ತೆಗೆದು, ಕಟ್ಟೆಯ ಅಡಿಗೆ ಸ್ಟೀಲ್ ಸಿಂಕ್ ಕೂರಿಸಿದರು. ಕಟ್ಟೆ ಉಳಿಯಿತು. ಸಂದಿಲ್ಲದ ಸುಖ ಹೋಯಿತು. ಸ್ಟೀಲಿನ ಬಗ್ಗೆ ಒಂದು ಮಾತು: 304 ದರ್ಜೆಯದನ್ನೇ ಕೇಳಿ, ಅದರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಸಾಲದು, ಅಗ್ಗದ 202 ದರ್ಜೆಗೂ ಅದು ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಬಿಸಿ ಪಾತ್ರೆಯ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಅಕ್ರಿಲಿಕ್ 100 ಡಿಗ್ರಿ ದಾಟಿದರೆ ಮೆದುವಾಗತೊಡಗುತ್ತದೆ, 160 ಡಿಗ್ರಿಯ ಹೊತ್ತಿಗೆ ಶೀಟನ್ನು ಬೇಕಾದಂತೆ ಬಗ್ಗಿಸಬಹುದು. ಕುಕ್ಕರಿನೊಳಗಿನ ಉಗಿಯೇ 120 ಡಿಗ್ರಿಯಷ್ಟಿರುತ್ತದೆ, ಬೋಂಡಾ ಕರಿದ ಬಾಣಲೆ ಅದಕ್ಕಿಂತ ಬಿಸಿ. ಮೇಲಿನ ಮನೆಯಲ್ಲಿ ಪ್ರತಿ ಪಾತ್ರೆಗೂ ಸಿಂಬಿ ಹುಡುಕುತ್ತೇವೆ. ಕೆಳಗೆ ಅಮ್ಮ ಒಲೆಯಿಂದ ಇಳಿಸಿದ್ದನ್ನು ಕಲ್ಲಿನ ಮೇಲೆ ಹಾಗೆಯೇ ಇಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ಗೀರು: ಬಿಳಿ ಕಟ್ಟೆಯ ತುಂಬ ಇವೆ, ಉಜ್ಜಿದರೆ ಹೋಗುತ್ತವೆ. ಕಪ್ಪು ಕಲ್ಲಿನ ಮೇಲೆ ಕತ್ತಿ ಎಳೆದರೆ ಕತ್ತಿಯೇ ಮೊಂಡು.

ಅರಿಶಿನದ ಕಲೆಗೆ ಹೆದರಬೇಕಿಲ್ಲ. ಒರಟು ನಾರಿನಿಂದ ಉಜ್ಜಿದರೆ ಮುಕ್ಕಾಲು ಹೋಗುತ್ತದೆ, ಉಳಿದದ್ದು ಕಿಟಕಿಯ ಬಿಸಿಲಿಗೆ ಮಾಸುತ್ತದೆ.

ಕಪ್ಪು ಕಲ್ಲಿಗೂ ಕೊರತೆ ಇದೆ. ಬೋರ್‌ವೆಲ್‌ನ ಗಡಸು ನೀರು ಒಣಗಿದರೆ ಬಿಳಿ ಪೊರೆ ಎದ್ದು ಕಾಣುತ್ತದೆ, ನಲ್ಲಿಯ ಸುತ್ತ ದಿನವೂ ಒಣಬಟ್ಟೆಯಿಂದ ಒರೆಸಲೇಬೇಕು. ಗಾಜಿನ ಲೋಟ ಕೈಜಾರಿದರೆ ಉಳಿಯುವುದಿಲ್ಲ. ಇರುಳಿನಲ್ಲಿ ಅಡುಗೆಮನೆ ಕತ್ತಲೆ ಎನಿಸುತ್ತದೆ, ಅಮ್ಮ ದೀಪ ಹೆಚ್ಚಿಸಿಕೊಂಡರು.

ಕ್ವಾರ್ಟ್ಸ್ ಬಗ್ಗೆ ಕೇಳುವವರಿಗೆ: ನಾನು ಬಳಸಿದ್ದು ತಂಗಿಯ ಮನೆಗೆ ಹೋದಾಗ ಮಾತ್ರ. ಗೀರು ಬೀಳುವುದಿಲ್ಲ, ಕಲೆ ಹಿಡಿಯುವುದಿಲ್ಲ, ಆದರೆ ಅಂಟಾಗಿ ರಾಳ ಇರುವುದರಿಂದ ಬಿಸಿ ಪಾತ್ರೆಗೆ ಅದೂ ಹೆದರುತ್ತದೆ. ನನ್ನನ್ನು ತಡೆಯುವುದು ಬೇರೆ ವಿಷಯ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 90ಕ್ಕೂ ಹೆಚ್ಚು ಸಿಲಿಕಾ, ಮರಳಿನಲ್ಲಿರುವ ಖನಿಜ. ನೀರು ಹಾಯಿಸದೆ ಕತ್ತರಿಸಿದಾಗ ಏಳುವ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಆಸ್ಟ್ರೇಲಿಯಾ ಇದೇ ಕಾರಣಕ್ಕೆ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಮ್ಮಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕತ್ತರಿಸುವ ಹುಡುಗರನ್ನು ನೋಡಿದ್ದೇನೆ. ಈ ಒಂದು ವಿಷಯದಲ್ಲಿ ಸಾಲಿಡ್ ಸರ್ಫೇಸ್ ಮೇಲು, ಅದರ ಪುಡಿಯಲ್ಲಿ ಅಂಥ ಸಿಲಿಕಾ ಇಲ್ಲ. ಯಾವ ಕಲ್ಲನ್ನಾದರೂ ನೀರು ಹಾಯಿಸಿಯೇ ಕತ್ತರಿಸಲು ಹೇಳಿ, ಗ್ರಾನೈಟಿಗೂ ಇದು ಅನ್ವಯಿಸುತ್ತದೆ.

ದುಡ್ಡಿನ ಲೆಕ್ಕ: ಚದರ ಅಡಿಗೆ ಬಿಳಿ ಕಟ್ಟೆಗೆ ಕೊಟ್ಟದ್ದು ಕಪ್ಪು ಕಲ್ಲಿನ ಮೂರು ಪಟ್ಟಿಗೂ ಹೆಚ್ಚು, ಸಿಂಕಿನ ಬದಲಾವಣೆಯ ಖರ್ಚು ಬೇರೆ.

ಹೊರಗಿನ ಊಟವೇ ಹೆಚ್ಚಿರುವ, ಬಸಿದ ಅನ್ನ ಮಾಡದ, ಬೆಂಗಳೂರಿನಲ್ಲೇ ಇರುವ ಜೋಡಿಗೆ ಬಿಳಿ ಕಟ್ಟೆ ಸಂತೋಷ ಕೊಟ್ಟೀತು. ಬಚ್ಚಲ ಹೊರಗಿನ ಕೈತೊಳೆಯುವ ಬೇಸಿನ್ನಿಗಂತೂ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅಲ್ಲಿ ಕುದಿನೀರು ಬೀಳುವುದಿಲ್ಲ, ನಮ್ಮದು ಇಂದಿಗೂ ಹೊಸದರಂತಿದೆ. ಅಡುಗೆಗೂ ಇದೇ ಬೇಕೆನ್ನುವವರು ಸಿಂಕ್ ಮಾತ್ರ ಸ್ಟೀಲಿನದು ಹಾಕಿಸಿ. ಫ್ಯಾಬ್ರಿಕೇಟರ್ ಅಧಿಕೃತನೇ ಎಂದು ಕಂಪನಿಗೆ ಫೋನ್ ಮಾಡಿ ಕೇಳಿ. ಶೀಟಿನ ಹೆಸರು, ಬಣ್ಣದ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿ. ಕತ್ತರಿಸಿ ಉಳಿದ ತುಂಡುಗಳು ನಿಮ್ಮ ದುಡ್ಡಿನವು, ಕೆಲಸದವರು ಹೊರಡುವ ಮೊದಲು ಅಟ್ಟಕ್ಕೆ ಹಾಕಿಸಿಕೊಳ್ಳಿ.