ಮನೆಯಲ್ಲಿ ಸೀಸದ ಗುಂಡು ಮಾಡುವವರೇ, ಮಕ್ಕಳಿದ್ದರೆ ಇದನ್ನು ಓದಿ

ಸೀಸ ಕರಗಿಸಿ ಕೋವಿಗೆ ಗುಂಡು ಮಾಡೋದನ್ನು ಮೊಬೈಲಿನಲ್ಲಿ ನೋಡಿ, ನಾವೂ ಮಾಡಬಹುದಲ್ವಾ ಅಂದುಕೊಂಡವರು ಮಲೆನಾಡಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಓದಲೇಬೇಕು. ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಆದದ್ದನ್ನು ಹೇಳುತ್ತಿದ್ದೇನೆ. ಬರೆಯೋದಕ್ಕೆ ಅಕ್ಕ, ಭಾವ ಇಬ್ಬರೂ ಒಪ್ಪಿದ್ದಾರೆ. ಭಾವನೇ 'ಬರಿ, ಇನ್ನೊಂದು ಮನೆಯಲ್ಲಿ ಹೀಗಾಗೋದು ಬೇಡ' ಅಂದರು.

ಈ ಕೆಲಸದ ಅಪಾಯ ಎಲ್ಲ ಬೆಂಕಿಯ ಹತ್ತಿರ ಇದೆ ಅಂತ ಜನ ತಿಳಿದಿದ್ದಾರೆ. ನಮ್ಮ ಮಗುವಿನ ಮೈಗೆ ಸೀಸ ಸೇರಿದ್ದು ಬೆಂಕಿ ಆರಿದ ಮೇಲೆ. ತಣ್ಣಗಿನ ಗುಂಡಿಗೆ ಮೇಣ ಸವರಿ, ಅಳತೆಗೆ ತರುವ ಕೆಲಸದಲ್ಲಿ.

ಭಾವನ ಹತ್ತಿರ ಅವರ ತಂದೆಯ ಕಾಲದ ರೈಫಲ್ ಇದೆ. ಲೈಸನ್ಸ್ ಅವರ ಹೆಸರಿಗೇ ಆಗಿದೆ. ತೋಟಕ್ಕೆ ಹಂದಿ, ಮಂಗ ಬಂದಾಗ ಗಾಳಿಯಲ್ಲಿ ಒಂದು ಈಡು ಹೊಡೆದು ಓಡಿಸೋದು, ಅಷ್ಟೇ ಅದರ ಕೆಲಸ. ತೋಟೆಗಳಿಗೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ, ದುಡ್ಡೂ ಜಾಸ್ತಿ. ಆಗ ಅಮೆರಿಕದವರ ವಿಡಿಯೋ ಕಣ್ಣಿಗೆ ಬಿತ್ತು. ಅಲ್ಲಿ ಇದೊಂದು ದೊಡ್ಡ ಹವ್ಯಾಸ. ಸೀಸ ಕರಗಿಸಿ ಅಚ್ಚಿಗೆ ಹೊಯ್ಯೋದು, ಗುಂಡನ್ನು ಅಳತೆಗೆ ತರೋದು, ಜಿಡ್ಡು ಹಚ್ಚೋದು, ಖಾಲಿ ತೋಟೆಗೆ ಮತ್ತೆ ಮದ್ದು ತುಂಬೋದು. ಅದಕ್ಕೆ ಬೇಕಾದ ಸಾಮಾನೆಲ್ಲ ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಭಾವ ಮದ್ದಿನವರೆಗೆ ಹೋಗಲಿಲ್ಲ. ಗುಂಡು ಎರಕ ಹೊಯ್ಯೋದು, ಅಳತೆಗೆ ತರೋದು, ಇಷ್ಟರಲ್ಲೇ ನಿಂತರು. ಅಷ್ಟೇ ಸಾಕಾಯಿತು.

ಸೀಸ ತಂದದ್ದು ಟಯರ್ ಅಂಗಡಿಯಿಂದ, ಗುಜರಿಯಿಂದ. ಕರಗಿಸಿದ್ದು ಹಿತ್ತಿಲಿನ ಸಿಮೆಂಟ್ ಶೀಟಿನ ಮಾಡಿನ ಕೆಳಗೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಎರಕ ಹೊಯ್ಯುವವರು ಅದಕ್ಕಿಂತ ಜಾಸ್ತಿಯೇ ಕಾಯಿಸುತ್ತಾರೆ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ, ಗೋಡೆ, ಸೌದೆ, ಚೀಲ ಎಲ್ಲಾ ತೇವ. ಒಂದು ಸಂಜೆ ಶೀಟಿನ ಸಂದಿಯಿಂದ ಒಂದು ಹನಿ ಬಾಣಲೆಗೆ ಬಿತ್ತು. ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತದೆ. ಸೀಸದ ಒಳಗೆ ಸಿಕ್ಕಿಕೊಂಡ ನೀರು ಹಾಗೆ ಹಿಗ್ಗಿದರೆ ಬಾಣಲೆಯೇ ಸಿಡಿದಂತೆ. ಭಾವನ ಮುಂಗೈ ಮೇಲೆ ಸೀಸ ಚಿಮ್ಮಿತು, ಕಣ್ಣು ಉಳಿದದ್ದು ಕನ್ನಡಕದಿಂದ. ಆಮೇಲೆ ಅವರು ಬೆಂಕಿಯ ಹತ್ತಿರ ಬಹಳ ಹುಷಾರಾದರು. ಕೈಗವಸು, ಉದ್ದ ತೋಳಿನ ಅಂಗಿ, ಮಗುವನ್ನು ಹಿತ್ತಿಲಿಗೆ ಬಿಡಬಾರದು ಅಂತ ಅಕ್ಕನಿಗೆ ತಾಕೀತು. ಗುಂಡು ತಣ್ಣಗಾದ ಮೇಲೆ ಈ ಹುಷಾರೆಲ್ಲ ಮುಗಿಯಿತು ಅಂದುಕೊಂಡರು. ಕೆಲಸ ಒಳಗೆ ಬಂತು, ಊಟದ ಮೇಜಿಗೆ.

ಈ ಅಳತೆಯ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ಅಚ್ಚಿನಿಂದ ಬಿದ್ದ ಗುಂಡು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪ ಇರುತ್ತದೆ. ಅದನ್ನು ಒಂದು ಉಕ್ಕಿನ ರಿಂಗಿನೊಳಗೆ ಒತ್ತಿ ಪಾರು ಮಾಡುತ್ತಾರೆ. ಹಾಗೆ ಪಾರಾದ ಗುಂಡು ನಳಿಗೆಗೆ ಸರಿಹೊಂದಬೇಕು. ಸಣ್ಣದಾದರೆ ಸುತ್ತಲಿನ ಸಂದಿಯಲ್ಲಿ ಬಿಸಿ ಗಾಳಿ ನುಗ್ಗಿ ಸೀಸ ಕರಗಿ ನಳಿಗೆಗೆ ಮೆತ್ತಿಕೊಳ್ಳುತ್ತದೆ. ದಪ್ಪವಾದರೆ ಒತ್ತಡ ಏರುತ್ತದೆ. ಹಳೆಯ ಕೋವಿಗಳ ನಳಿಗೆ ಸವೆದು ಒಂದೊಂದೂ ಒಂದೊಂದು ಅಳತೆ. ಲೇತ್ ಶಾಪಿನಲ್ಲಿ ಅಂದಾಜಿಗೆ ಕೊರೆಸಿದ ರಿಂಗನ್ನು ನಂಬಿ ಮುಖದ ಹತ್ತಿರ ಕೋವಿ ಹಿಡಿಯೋದು ಅಂದರೆ ಏನು, ನೀವೇ ಯೋಚಿಸಿ. ಗುಂಡಿನ ಸುತ್ತಲಿನ ಗೀರುಗಳಿಗೆ ಜಿಡ್ಡು ತುಂಬೋದು ಇನ್ನೊಂದು ಕೆಲಸ. ಜೇನುಮೇಣ ಅದರ ಮುಖ್ಯ ಸಾಮಾನು. ಅಕ್ಕನ ತೋಟದಲ್ಲೇ ಜೇನುಪೆಟ್ಟಿಗೆ ಇದೆ. ಮೇಣ ಅಡುಗೆಮನೆಯ ಒಲೆಯ ಮೇಲೆ, ಅಡುಗೆಮನೆಯ ಪಾತ್ರೆಯಲ್ಲೇ ಕರಗಿತು. ಮನೆಯೆಲ್ಲ ಜೇನಿನ ಪರಿಮಳ. ಅದರಲ್ಲಿ ವಿಷ ಇದೆ ಅಂತ ಯಾರಿಗೆ ಅನ್ನಿಸುತ್ತದೆ?

ಮೇಣದಲ್ಲಿ ವಿಷ ಇಲ್ಲ ನಿಜ. ಆದರೆ ಬರಿಗೈಯಲ್ಲಿ ಗುಂಡು ಹಿಡಿಯೋದು, ಮೇಣಕ್ಕೆ ಅದ್ದೋದು, ರಿಂಗಿಗೆ ಒತ್ತೋದು, ಹೊರಬಂದದ್ದನ್ನು ಬಟ್ಟೆಯಲ್ಲಿ ಒರೆಸೋದು. ಸ್ವಲ್ಪ ಹೊತ್ತಿನಲ್ಲೇ ಹಳದಿ ಮೇಣ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಬಣ್ಣವೇ ಸೀಸ. ಬೆರಳ ಸಂದಿ, ಉಗುರಿನ ಅಡಿ ಎಲ್ಲಾ ಕಪ್ಪು ಗೆರೆ. ಒಣ ಧೂಳಾದರೆ ಕೊಡವಿದರೆ ಒಂದಿಷ್ಟಾದರೂ ಹೋಗುತ್ತದೆ. ಜಿಡ್ಡಿನಲ್ಲಿ ಕೂತ ಸೀಸ ತಣ್ಣೀರಿಗೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಆ ಕೈ ಮೊಬೈಲ್ ಮುಟ್ಟಿತು, ಬಾಗಿಲ ಚಿಲಕ ಮುಟ್ಟಿತು, ಮಗುವಿನ ಹಾಲಿನ ಲೋಟ ಮುಟ್ಟಿತು. ಮಗು ಅಪ್ಪನ ತೊಡೆಯ ಮೇಲೆ ಕೂತು ಮೇಜಿನ ಗುಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಎರಡೂವರೆ ವರ್ಷದ ಕೂಸು, ಸಿಕ್ಕಿದ್ದೆಲ್ಲ ಬಾಯಿಗೆ. ಅದೂ ಜೇನಿನ ವಾಸನೆ ಬರುವ ಸಾಮಾನು.

ಮೊದಲು ಊಟ ಬಿಟ್ಟ. ಆಮೇಲೆ ಹೊಟ್ಟೆನೋವು, ಮಲಬದ್ಧತೆ, ಸುಮ್ಸುಮ್ನೆ ರಚ್ಚೆ. ಮುಖ ಬಿಳಿಚಿಕೊಂಡಿತು. ಜಂತುಹುಳದ ಔಷಧಿ ಕೊಟ್ಟಾಯಿತು, ರಕ್ತ ಕಡಿಮೆ ಇದೆ ಅಂತ ಟಾನಿಕ್ ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ಹಾಸನದ ಮಕ್ಕಳ ಡಾಕ್ಟರೊಬ್ಬರು, ಪುಣ್ಯಾತ್ಮರು, ಭಾವನ ಉಗುರು ನೋಡಿ ಕೇಳಿದರು: 'ಏನು ಕೆಲಸ ಮಾಡ್ತೀರಿ? ಬ್ಯಾಟರಿ ಕೆಲಸವಾ?' ಭಾವ ಎಲ್ಲಾ ಹೇಳಿದರು. ಅವತ್ತೇ ರಕ್ತ ತೆಗೆದು ಸೀಸದ ಪರೀಕ್ಷೆಗೆ ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಬಂದ ಲೆಕ್ಕ ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತಕ್ಕೆ 38 ಮೈಕ್ರೋಗ್ರಾಂ ಸೀಸ.

ಆ ಸಂಖ್ಯೆ ನಮಗೆ ಅರ್ಥವಾಗಿದ್ದು ಡಾಕ್ಟರ್ ಬಿಡಿಸಿ ಹೇಳಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5 ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ಗಡಿಯನ್ನು 3.5ಕ್ಕೆ ಇಳಿಸಿತು. ಅದಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅಂತಲೂ ಅಲ್ಲ, ಇಷ್ಟಾದರೆ ಸುರಕ್ಷಿತ ಅನ್ನುವ ಮಟ್ಟವೇ ಸೀಸಕ್ಕಿಲ್ಲ. 45 ದಾಟಿದರೆ ಮೈಯಿಂದ ಸೀಸ ಎಳೆದು ತೆಗೆಯುವ ಔಷಧಿ ಕೊಡುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಮುಖ್ಯ ಚಿಕಿತ್ಸೆ ಒಂದೇ: ಸೀಸ ಇರುವ ಜಾಗದಿಂದ ಮಗುವನ್ನು ದೂರ ಇಡೋದು, ಕಬ್ಬಿಣ, ಕ್ಯಾಲ್ಸಿಯಂ ಚೆನ್ನಾಗಿ ಸಿಗುವ ಹಾಗೆ ಊಟ ಕೊಡೋದು, ಮತ್ತೆ ಮತ್ತೆ ರಕ್ತ ನೋಡೋದು.

ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರ ಮೈಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಹೊಟ್ಟೆ ಖಾಲಿ ಇದ್ದರೆ, ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಮೈ ಅದನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ರಕ್ತದಲ್ಲಿರುವುದು ಸುಮಾರು ಒಂದು ತಿಂಗಳಿಗೆ ಅರ್ಧ ಇಳಿಯುತ್ತದೆ. ಆದರೆ ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ಅಲ್ಲೇ ಇದ್ದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಬೆಳೆಯುವ ಮಿದುಳಿಗೆ ಆಗುವ ಪೆಟ್ಟು ಕೈಕಾಲಿನ ಗಾಯದ ಹಾಗೆ ಕಣ್ಣಿಗೆ ಕಾಣುವುದಿಲ್ಲ. ಕಲಿಕೆ, ಗಮನ, ಸಿಟ್ಟು ಇವುಗಳಲ್ಲಿ ಮುಂದೆ ಗೊತ್ತಾಗುತ್ತದೆ. ಬಸುರಿಯರ ಮೈಯಲ್ಲಿದ್ದರೆ ಹೊಟ್ಟೆಯ ಕೂಸಿಗೂ ದಾಟುತ್ತದೆ. ಇದೇನು ಹೊಸ ವಿಷಯವಲ್ಲ. ಪೆಟ್ರೋಲಿನಲ್ಲಿ ಸೀಸ ಬೆರೆಸೋದನ್ನು ದೇಶದಲ್ಲಿ 2000ದಲ್ಲೇ ನಿಲ್ಲಿಸಿದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಎಷ್ಟೋ ವರ್ಷ ಇದನ್ನೇ ಹೇಳಿಕೊಂಡು ಬಂದರು. ಗುಂಡು ಮಾಡುವ ವಿಡಿಯೋದಲ್ಲಿ ಮಾತ್ರ 'ಕೈ ತೊಳೆದುಕೊಳ್ಳಿ' ಅನ್ನುವ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಮಗುವಿನ ನಂತರ ಮನೆಯವರೆಲ್ಲ ಪರೀಕ್ಷೆ ಮಾಡಿಸಿದರು. ಭಾವನದ್ದು ಮಗುವಿಗಿಂತ ಜಾಸ್ತಿ ಬಂತು. ನನಗೆ ಹೆಚ್ಚು ಸಂಕಟ ಆದದ್ದು ಇನ್ನೊಬ್ಬರ ವಿಷಯದಲ್ಲಿ. ಭಾವನ ಲುಂಗಿ, ಒರೆಸುವ ಬಟ್ಟೆ ಎಲ್ಲಾ ಕೈಯಲ್ಲಿ ಒಗೆಯುತ್ತಿದ್ದದ್ದು ತೋಟದ ಕೆಲಸದವರ ಲೈನ್ ಮನೆಯ ಹೆಂಗಸು. ಅವರದೂ ಏರಿತ್ತು. ಅವರಿಗೆ ಕೋವಿಯೂ ಗೊತ್ತಿಲ್ಲ, ಗುಂಡೂ ಗೊತ್ತಿಲ್ಲ, ಬಟ್ಟೆಯಲ್ಲಿ ಏನಿದೆ ಅಂತ ಯಾರೂ ಹೇಳಿರಲಿಲ್ಲ. ಅವರ ಮತ್ತು ಅವರ ಮಕ್ಕಳ ಪರೀಕ್ಷೆ, ಚಿಕಿತ್ಸೆ ಎಲ್ಲಾ ಭಾವನೇ ನೋಡಿಕೊಳ್ಳುತ್ತಿದ್ದಾರೆ. ಹಾಗೆ ಮಾಡಲೇಬೇಕು, ಅದರಲ್ಲಿ ದೊಡ್ಡತನ ಏನಿಲ್ಲ.

ಕೋಳಿಗಳದ್ದು ಇನ್ನೊಂದು ಕತೆ. ಕರಗಿದ ಸೀಸದ ಮೇಲೆ ತೇಲುವ ಕಿಟ್ಟವನ್ನು ಭಾವ ಹಿತ್ತಿಲಿನ ಬೇಲಿ ಮೂಲೆಗೆ ಚೆಲ್ಲುತ್ತಿದ್ದರು. ಪುಡಿಪುಡಿಯಾದ ಆ ಕಿಟ್ಟದಲ್ಲಿ ಸೀಸ ಸುಲಭವಾಗಿ ಧೂಳಾಗುತ್ತದೆ. ಕೋಳಿ ಕಲ್ಲಿನ ಚೂರು ಹೆಕ್ಕುವ ಹಾಗೆ ಸೀಸದ ಚೂರನ್ನೂ ಹೆಕ್ಕುತ್ತದೆ, ಅದು ಮೊಟ್ಟೆಯ ಹಳದಿಗೂ ಬರುತ್ತದೆ. ಮಗು ಸೊರಗಿದ್ದಾನೆ ಅಂತ ಅಕ್ಕ ದಿನಾ ನಾಟಿ ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. ಇದನ್ನು ಕೇಳಿದ ದಿನ ಅವಳು ಅತ್ತದ್ದು ನೋಡಲಾಗಲಿಲ್ಲ.

ಹಳೆ ಬ್ಯಾಟರಿಯ ಸೀಸದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಭಾವ ಒಂದು ಸಲ ಟ್ರ್ಯಾಕ್ಟರಿನ ಬ್ಯಾಟರಿ ಒಡೆದಿದ್ದರು. ಅದರೊಳಗೆ ಆಸಿಡ್ ಇದೆ, ತಟ್ಟೆಗಳ ಮೇಲೆ ಸೀಸದ ಪುಡಿ ಇದೆ. ತಟ್ಟೆಯ ಲೋಹದಲ್ಲಿ ಆರ್ಸೆನಿಕ್, ಆಂಟಿಮನಿ ಬೆರೆತಿರುತ್ತದೆ. ಅದನ್ನು ಕರಗಿಸಿದ ಕಿಟ್ಟ ತೇವಕ್ಕೆ ತಾಗಿದರೆ ಆರ್ಸೀನ್ ಅನ್ನುವ ಘೋರ ವಿಷಾನಿಲ ಹುಟ್ಟಬಹುದು. ಅಮೆರಿಕದಲ್ಲಿ ವರ್ಷಗಳಿಂದ ಎರಕ ಹೊಯ್ಯುವವರೇ ಬ್ಯಾಟರಿ ಮುಟ್ಟಬೇಡಿ ಅನ್ನುತ್ತಾರೆ. ನಮ್ಮ ಮಳೆಗಾಲದಲ್ಲಿ ಒಣಗಿದ ಜಾಗ ಎಲ್ಲಿಂದ ತರುತ್ತೀರಿ? ಹಳೆ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ವಾಪಸ್ ಕೊಡಿ, ದುಡ್ಡೂ ಮುರಿದುಕೊಳ್ಳುತ್ತಾರೆ.

ಇನ್ನು ಕಾನೂನು. 'ಕೋವಿಗೆ ಲೈಸನ್ಸ್ ಇದೆಯಲ್ಲ' ಅಂತ ಭಾವ ಧೈರ್ಯವಾಗಿದ್ದರು. ಕೋವಿ ಇಟ್ಟುಕೊಳ್ಳುವ ಲೈಸನ್ಸ್ ಬೇರೆ, ಮದ್ದುಗುಂಡು ತಯಾರಿಸುವ ಲೈಸನ್ಸ್ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಯಾರಿಕೆಗೆ ಪ್ರತ್ಯೇಕ ಲೈಸನ್ಸ್ ಬೇಕು. ಮದ್ದುಗುಂಡಿನ ಭಾಗಗಳು, ಅದನ್ನು ಮಾಡುವ ಯಂತ್ರ ಇವೂ ಆ ಕಾಯ್ದೆಯ ಅರ್ಥದಲ್ಲಿ ಮದ್ದುಗುಂಡೇ. 2019ರ ತಿದ್ದುಪಡಿ ಆದಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಪಕ್ಕದ ಕೊಡಗಿನವರಿಗೆ ವಿನಾಯಿತಿ ಇದೆ ಅಂತ ನಮ್ಮ ಕಡೆ ಕೆಲವರು ಮಾತಾಡುತ್ತಾರೆ. ಅದು ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ, 2029ರವರೆಗೆ, ಕೋವಿ ಇಟ್ಟುಕೊಳ್ಳುವ ವಿಷಯದಲ್ಲಿ. ಗುಂಡು ತಯಾರಿಸಿ ಅಂತ ಅದು ಯಾರಿಗೂ ಹೇಳಿಲ್ಲ. ನಾವು ವಕೀಲರನ್ನು ಕಂಡು, ಅವರ ಮೂಲಕ ಅಚ್ಚು, ರಿಂಗು, ಗುಂಡು ಎಲ್ಲವನ್ನೂ ಠಾಣೆಗೆ ಒಪ್ಪಿಸಿದೆವು. ಸುಮ್ನೆ ಹೊಳೆಗೆ ಎಸೆಯಬೇಡಿ, ಹೂಳಬೇಡಿ. ಸೀಸ ಕೊಳೆತು ಮಣ್ಣಾಗುವ ವಸ್ತು ಅಲ್ಲ.

ಮನೆ ಶುಚಿ ಮಾಡಿದ್ದು ದೊಡ್ಡ ಕೆಲಸ. ಪೊರಕೆ ಹಿಡಿದರೆ ಧೂಳು ಎದ್ದು ಇನ್ನೂ ಹರಡುತ್ತದೆ, ಮಾಮೂಲಿ ವ್ಯಾಕ್ಯೂಮ್ ಕ್ಲೀನರಿನದೂ ಅದೇ ಕತೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮತ್ತೆ ಬಳಸದೆ ತೆಗೆದಿಡಬೇಕು. ಮೇಜು, ಚಾಪೆ, ಮೇಣ ಕರಗಿಸಿದ ಪಾತ್ರೆ ಎಲ್ಲಾ ಹೋದವು. ಹಿತ್ತಿಲಿನ ಮೂಲೆಯ ಮಣ್ಣು ಕೆರೆದು ತೆಗೆಸಿದರು. ಅದೆಲ್ಲ ಮುಗಿಯುವವರೆಗೆ ಅಕ್ಕ, ಮಗು ನಮ್ಮ ಮನೆಯಲ್ಲೇ ಇದ್ದರು. ಈಗ ಅವನ ಲೆಕ್ಕ 21ಕ್ಕೆ ಇಳಿದಿದೆ. ಊಟ ಮಾಡುತ್ತಾನೆ. ಮಾತು ವಯಸ್ಸಿಗೆ ತಕ್ಕ ಹಾಗೆ ಬರುತ್ತಿದೆಯಾ ಅಂತ ಡಾಕ್ಟರ್ ಪ್ರತಿ ಸಲವೂ ನೋಡುತ್ತಾರೆ.

ನಿಮ್ಮ ಮನೆಯಲ್ಲಿ ಗುಂಡೋ, ಮೀನುಬಲೆಯ ಸೀಸವೋ, ಬ್ಯಾಟರಿಯೋ, ಯಾವುದನ್ನಾದರೂ ಕರಗಿಸಿದ್ದರೆ, ಕೈಯಲ್ಲಿ ಉಜ್ಜಿದ್ದರೆ, ಮಗುವಿಗೆ ಹೊಟ್ಟೆನೋವು ಬರುವವರೆಗೆ ಕಾಯಬೇಡಿ. ಬಹಳ ಮಕ್ಕಳಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಡಾಕ್ಟರ್ ಹತ್ತಿರ 'ಬ್ಲಡ್ ಲೆಡ್ ಲೆವೆಲ್' ಪರೀಕ್ಷೆ ಅಂತಲೇ ಕೇಳಿ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಸೀಸವೇ ಸೇರಿ ಲೆಕ್ಕ ತಪ್ಪಬಹುದು, ಹಾಗಾಗಿ ನರದಿಂದ ರಕ್ತ ತೆಗೆಸಿ. ಮನೆಯಲ್ಲಿ ಏನು ಕೆಲಸ ನಡೆಯುತ್ತಿತ್ತು ಅನ್ನೋದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ. ಕಾನೂನಿಗೆ ಹೆದರಿ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಬಟ್ಟೆ ಒಗೆಯುವವರು, ಮನೆಗೆಲಸದವರು, ಅವರ ಮಕ್ಕಳು, ಇವರನ್ನೂ ಕರೆದುಕೊಂಡು ಹೋಗಿ.